ಆರು ವರ್ಷದ ಅನ್ನ ಮತ್ತು ಸಾಹಿತ್ಯ ವಿಮರ್ಶೆ

ದಲಿತ ವಿಮರ್ಶೆ ಎಂದ ಕೂಡಲೇ ನಾವು ಮಾತಾಡುವುದು ಪರಿಭಾಷೆಯ ಬಗ್ಗೆ, ಮೀಮಾಂಸೆಯ ಬಗ್ಗೆ, ಅನುಭವದ ಅಧಿಕೃತತೆಯ ಬಗ್ಗೆ. ವಿಮರ್ಶಕರಾಗಬೇಕು ಅಂತ ಹೊರಟ ಹುಡುಗ ಹುಡುಗಿಯರು ಐದಾರು ವರ್ಷ ಎಲ್ಲಿ ಕೂತು ಓದುತ್ತಾರೆ, ಅಷ್ಟು ವರ್ಷ ಅವರ ಊಟದ ಖರ್ಚು ಯಾರದು, ಊರಲ್ಲಿರುವ ಅವ್ವನ ಔಷಧಿಗೆ ದುಡ್ಡು ಎಲ್ಲಿಂದ ಬರುತ್ತದೆ ಎನ್ನುವುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಅದು ಸಾಹಿತ್ಯದ ಹೊರಗಿನ ಸಂಗತಿ ಅಂತ ಒಂದು ನಂಬಿಕೆ. ಮನೆಯಲ್ಲಿ ಮೂರು ತಲೆಮಾರಿನ ಪುಸ್ತಕದ ಬೀರು ಇದ್ದವರಿಗೆ ಅದು ಹೊರಗಿನ ಸಂಗತಿಯೇ ಇರಬಹುದು. ನಮಗಲ್ಲ. ನಮ್ಮಲ್ಲಿ ಎಷ್ಟು ಮಂದಿ ವಿಮರ್ಶಕರು ಹುಟ್ಟುತ್ತಾರೆ ಎನ್ನುವುದನ್ನು ನಿರ್ಧರಿಸುವುದರಲ್ಲಿ ಪ್ರತಿಭೆಗಿಂತ ಫೆಲೋಶಿಪ್ಪಿನ ಪಾತ್ರ ದೊಡ್ಡದು ಅಂತ ನಾನು ತಿಳಿದಿದ್ದೇನೆ.

ಈಚಿನ ವರ್ಷಗಳಲ್ಲಿ ನಮ್ಮ ಕೇರಿಗಳ ಕೆಲವು ಮಕ್ಕಳು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಸಾಹಿತ್ಯದ ಪಿಎಚ್.ಡಿ.ಗಾಗಿ ಅರ್ಜಿ ಹಾಕುತ್ತಿದ್ದಾರೆ. ಇಂಗ್ಲಿಷ್, ತೌಲನಿಕ ಸಾಹಿತ್ಯ, ದಕ್ಷಿಣ ಏಷ್ಯಾ ಅಧ್ಯಯನ ಹೀಗೆ. ನಾನು ಅಲ್ಲಿಯ ಒಂದು ಕಡೆ ಆರು ವರ್ಷ ಇದ್ದು ಬಂದು ಈಗ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತಿರುವುದರಿಂದ, ಫೆಬ್ರವರಿಯಿಂದ ಏಪ್ರಿಲ್ ಮಧ್ಯದವರೆಗೆ ಇವರು ಕಾಗದಗಳನ್ನು ಹಿಡಿದು ನನ್ನ ಹತ್ತಿರ ಬರುತ್ತಾರೆ. ಅವರು ಕೇಳುವುದು ಥಿಯರಿಯನ್ನಲ್ಲ. "ಸಾರ್, ಇದು ಒಳ್ಳೇ ಆಫರ್ರಾ?" "ವೇಟ್‌ಲಿಸ್ಟ್ ಅಂದ್ರೆ ಹೂಂ ಅಂತಾನಾ, ಊಹೂಂ ಅಂತಾನಾ?" "ನಾನು ಹೋದ್ರೆ ಇವರ ಗತಿ ಏನು?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಮೊದಲು ಅಲ್ಲಿಯ ಪದ್ಧತಿ ಅರ್ಥವಾಗಬೇಕು. ಅರ್ಜಿಗಳ ಕೊನೆಯ ದಿನ ಸಾಮಾನ್ಯವಾಗಿ ಡಿಸೆಂಬರ್, ಹೆಚ್ಚೆಂದರೆ ಜನವರಿ. ಒಂದು ಉದ್ದೇಶಪತ್ರ, ಹದಿನೈದು ಇಪ್ಪತ್ತು ಪುಟದ ಒಂದು ಪ್ರಬಂಧ, ಮೂವರು ಮೇಷ್ಟ್ರುಗಳ ಶಿಫಾರಸು. ಒಂದೊಂದು ಅರ್ಜಿಗೂ ಡಾಲರಿನಲ್ಲಿ ಶುಲ್ಕ. ಹತ್ತು ಕಡೆ ಹಾಕಿದರೆ ನಮ್ಮ ಅತಿಥಿ ಉಪನ್ಯಾಸಕರ ಎರಡು ತಿಂಗಳ ಸಂಬಳ ಹೋದೀತು. ಶುಲ್ಕ ಮನ್ನಾ ಮಾಡಿ ಅಂತ ಕೇಳಬಹುದು, ಕೆಲವರು ಮಾಡುತ್ತಾರೆ. ಕೇಳುವುದಕ್ಕೆ ನಾಚಿಕೆ ಪಡಬಾರದು. ಫಲಿತಾಂಶ ಬರುವುದು ಫೆಬ್ರವರಿ, ಮಾರ್ಚಿನಲ್ಲಿ. ಒಳ್ಳೆಯ ಪಿಎಚ್.ಡಿ. ಪ್ರವೇಶ ಎಂದರೆ ಬೋಧನಾ ಶುಲ್ಕ ಪೂರ್ತಿ ಮಾಫಿ, ಐದಾರು ವರ್ಷ ತಿಂಗಳ ಸ್ಟೈಪೆಂಡ್, ಆರೋಗ್ಯ ವಿಮೆ. ಪ್ರತಿಯಾಗಿ ನೀವು ಅವರ ಪದವಿ ತರಗತಿಗಳಿಗೆ ಪಾಠ ಮಾಡಬೇಕು, ಉತ್ತರಪತ್ರಿಕೆ ತಿದ್ದಬೇಕು. ಸಾಹಿತ್ಯದ ಎಂ.ಎ.ಗೆ ಅಲ್ಲಿ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ, ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಹೊಲ ಅಡವಿಟ್ಟು ಸಾಹಿತ್ಯ ಓದಲು ಹೋಗಬೇಡಿ ಅಂತ ನಾನು ಖಡಾಖಂಡಿತ ಹೇಳುತ್ತೇನೆ. ಪ್ರವೇಶ ಕೊಟ್ಟು ಹಣ ಕೊಡದ ಪಿಎಚ್.ಡಿ. ಕಾಗದ ಎಷ್ಟು ಚೆಂದದ ಭಾಷೆಯಲ್ಲಿದ್ದರೂ ಅದರ ಅರ್ಥ ಇಲ್ಲ ಅಂತಲೇ.

ಹಣ ಎಷ್ಟು ಎನ್ನುವುದಕ್ಕಿಂತ ಎಷ್ಟು ವರ್ಷ ಎನ್ನುವ ಪ್ರಶ್ನೆ ದೊಡ್ಡದು. ಇದನ್ನು ನಮಗೆ ಬಾಬಾಸಾಹೇಬರ ಬದುಕೇ ಕಲಿಸಿದೆ. 1913ರ ಜುಲೈನಲ್ಲಿ ಅವರು ನ್ಯೂಯಾರ್ಕಿಗೆ ಬಂದಿಳಿದಾಗ ಕೈಯಲ್ಲಿದ್ದದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ: ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷಕ್ಕೆ. ಬದಲಿಗೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವ ಕರಾರು. ಕೊಲಂಬಿಯಾ ಮುಗಿಸಿ ಲಂಡನ್ನಿಗೆ ಹೋದರು, ಅಷ್ಟರಲ್ಲಿ ವೇತನದ ಅವಧಿ ತೀರಿತು. 1917ರಲ್ಲಿ ಅಧ್ಯಯನವನ್ನು ಅರ್ಧಕ್ಕೆ ಬಿಟ್ಟು ವಾಪಸು ಬರಬೇಕಾಯಿತು. ಬರೋಡಾದಲ್ಲಿ ತಂಗಲು ಜಾಗ ಸಿಗದೆ ಆದ ಅವಮಾನ ನಮಗೆಲ್ಲ ಗೊತ್ತು. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನ ಸಂಬಳದಲ್ಲಿ ಉಳಿಸಿದ ದುಡ್ಡು, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಾಥೇನಾ ಕೊಟ್ಟ ಸಾಲ, ಇವನ್ನು ಕೂಡಿಸಿಕೊಂಡು 1920ರಲ್ಲಿ ಮತ್ತೆ ಹೊರಟರು. ಡಿ.ಎಸ್‌ಸಿ. ಬಂದದ್ದು 1923ರಲ್ಲಿ. ನಡುವೆ ಕಳೆದುಹೋದ ಮೂರು ವರ್ಷಕ್ಕೆ ಬುದ್ಧಿಯ ಕೊರತೆ ಕಾರಣ ಅಲ್ಲ. ಕರಾರಿನ ಕಾಗದದಲ್ಲಿದ್ದ ಒಂದು ಅಂಕಿ ಕಾರಣ.

ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಜಾತಿಯ ಉಗಮ, ಅದರ ಯಾಂತ್ರಿಕತೆ ಕುರಿತ ಅವರ ಮೊದಲ ಪ್ರಬಂಧ ಮಂಡನೆಯಾದದ್ದು ಕೊಲಂಬಿಯಾದಲ್ಲಿ, 1916ರ ಮೇ 9ರಂದು, ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ. ಈಗ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆಯಲ್ಲ, ಪರಿಶಿಷ್ಟರಿಗಾಗಿ ಐವತ್ತರ ದಶಕದಿಂದ ನಡೆದುಬಂದದ್ದು, ಅದರ 2022-23ರ ಮಾರ್ಗಸೂಚಿ ಒಂದು ಸಾಲು ಸೇರಿಸಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತ ಕುರಿತ ಸಮಾಜ ಅಧ್ಯಯನ, ಇವುಗಳ ಮೇಲಿನ ಸಂಶೋಧನೆಗೆ ಹಣ ಇಲ್ಲ ಅಂತ. ಇವುಗಳನ್ನು ಇಲ್ಲೇ ಓದಬಹುದಲ್ಲ ಎಂಬುದು ಸಮರ್ಥನೆ. ಆ ಸಾಲಿನ ಪ್ರಕಾರ 1916ರ ಆ ಪ್ರಬಂಧಕ್ಕೆ ದುಡ್ಡು ಸಿಗುತ್ತಿರಲಿಲ್ಲ! ದಲಿತ ಸಾಹಿತ್ಯದ ಮೇಲೆ ಕೆಲಸ ಮಾಡುವವರು ಈ ವೇತನವನ್ನು ನಂಬಿ ಅರ್ಜಿ ಹಾಕುವ ಮುನ್ನ ಆಯಾ ವರ್ಷದ ಮಾರ್ಗಸೂಚಿಯನ್ನು ಸಾಲುಸಾಲಾಗಿ ಓದಬೇಕು. ಒಟ್ಟು ಸ್ಥಾನ 125, ಅದರಲ್ಲಿ ಪರಿಶಿಷ್ಟ ಜಾತಿಗೆ 115. ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದೊಳಗಿರಬೇಕು. ಆಯ್ಕೆಯಾದ ಮೇಲೂ ನೆಮ್ಮದಿ ಇಲ್ಲ. 2025ರ ಜುಲೈನಲ್ಲಿ ಆಯ್ಕೆಯಾದ 106 ಮಂದಿಯಲ್ಲಿ 40 ಜನಕ್ಕೆ ಮಾತ್ರ ತಾತ್ಕಾಲಿಕ ಮಂಜೂರಾತಿ ಪತ್ರ ಕೊಟ್ಟು, ಉಳಿದವರಿಗೆ ಹಣದ ಲಭ್ಯತೆ ನೋಡಿಕೊಂಡು ಅಂದರು. ಸೆಪ್ಟೆಂಬರಿನಲ್ಲಿ ತರಗತಿ ಶುರು, ಜುಲೈನಲ್ಲಿ ಈ ಮಾತು. ಅಮೆರಿಕದವರ ವೇಟ್‌ಲಿಸ್ಟಿಗಿಂತ ಇದು ಕ್ರೂರವಾದದ್ದು, ಯಾಕೆಂದರೆ ಇಲ್ಲಿ ಆಯ್ಕೆಯಾದವರನ್ನೇ ಕಾಯಿಸುತ್ತಾರೆ.

ಆದ್ದರಿಂದ ವಿಶ್ವವಿದ್ಯಾಲಯವೇ ಕೊಡುವ ಹಣವನ್ನು ನೆಚ್ಚಿಕೊಳ್ಳುವುದು ಮೇಲು. ಆದರೆ ಆ ಕಾಗದವನ್ನು ಓದುವುದಕ್ಕೂ ಒಂದು ವಿಮರ್ಶೆ ಬೇಕು. ದೊಡ್ಡ ಅಂಕಿ ನೋಡಿ ಮರುಳಾಗಬಾರದು. ಲೆಕ್ಕಕ್ಕಾಗಿ ಹೇಳುತ್ತೇನೆ: ಒಂದು ಕಡೆ ವರ್ಷಕ್ಕೆ 36,000 ಡಾಲರ್, ಇನ್ನೊಂದು ಕಡೆ 24,000 ಅಂತಿಟ್ಟುಕೊಳ್ಳಿ. ಮೊದಲನೆಯದು ಸಮುದ್ರದ ದಡದ ಮಹಾನಗರ, ಒಂದು ಕೋಣೆಗೆ ತಿಂಗಳಿಗೆ 1,800. ಎರಡನೆಯದು ಜೋಳದ ಹೊಲಗಳ ನಡುವಿನ ಊರು, ಕೋಣೆಗೆ 700. ಬಾಡಿಗೆ ಕಳೆದರೆ ಅಲ್ಲಿ ಉಳಿಯುವುದು 1,200, ಇಲ್ಲಿ 1,300. ಇನ್ನು, ಈ ಹಣ ಒಂಬತ್ತು ತಿಂಗಳದ್ದೋ ಹನ್ನೆರಡು ತಿಂಗಳದ್ದೋ? ಬೇಸಿಗೆಯ ಮೂರು ತಿಂಗಳು ಏನು ತಿನ್ನಬೇಕು? ವಾರಕ್ಕೆ ಎಷ್ಟು ತರಗತಿ? ಮೊದಲ ವರ್ಷದಿಂದಲೇ ಪಾಠವೋ, ಒಂದು ವರ್ಷ ಬಿಡುವೋ? ಬೋಧನಾ ಶುಲ್ಕ ಮಾಫಿ ಅಂದವರು ಇತರ ಶುಲ್ಕ ಅಂತ ಸೆಮಿಸ್ಟರಿಗೆ ನೂರಾರು ಡಾಲರ್ ಕೀಳುತ್ತಾರೋ? ಆರನೇ ವರ್ಷ ಬರವಣಿಗೆ ಮುಗಿಯದಿದ್ದರೆ? ವಿದ್ಯಾರ್ಥಿ ವೀಸಾದಲ್ಲಿ ಓದು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕ್ಯಾಂಪಸ್ಸಿನೊಳಗೆ ಕೆಲಸ ಮಾಡಬಹುದು, ಆ ಇಪ್ಪತ್ತನ್ನು ಪಾಠವೇ ನುಂಗಿಬಿಡುವುದು ಹೆಚ್ಚು. ಹೊರಗೆ ಹೋಟೆಲಿನಲ್ಲಿ ತಟ್ಟೆ ತೊಳೆದು ಸಂಪಾದಿಸುತ್ತೇನೆ ಎನ್ನುವ ಹಳೇ ಕಥೆ ನಡೆಯುವುದಿಲ್ಲ, ವೀಸಾ ಹೋಗುತ್ತದೆ.

ಇದಕ್ಕಿಂತ ಸಣ್ಣದಾಗಿ ಕಾಣುವ, ಆದರೆ ನಮ್ಮವರನ್ನು ನಿಜವಾಗಿ ಮುಗ್ಗರಿಸುವಂತೆ ಮಾಡುವ ಸಂಗತಿ ಇನ್ನೊಂದಿದೆ. ಆಗಸ್ಟಿನಲ್ಲಿ ಹೋಗಿ ಇಳಿಯುತ್ತೀರಿ. ಮೊದಲ ಸ್ಟೈಪೆಂಡ್ ಕೈಗೆ ಬರುವುದು ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ. ಅದಕ್ಕೆ ಮುಂಚೆ ವೀಸಾ ಶುಲ್ಕ 185 ಡಾಲರ್, ವಿದ್ಯಾರ್ಥಿ ನೋಂದಣಿ ಶುಲ್ಕ 350 ಡಾಲರ್, ವಿಮಾನದ ಟಿಕೆಟ್ಟು, ಮನೆಗೆ ಅಡ್ವಾನ್ಸು, ಚಳಿಗೆ ಒಂದು ಕೋಟು. ಆರು ವರ್ಷಕ್ಕೆ ಲಕ್ಷಾಂತರ ಡಾಲರಿನ ಆಫರ್ ಇದ್ದೂ ಮೊದಲ ಆರು ವಾರದ ದುಡ್ಡಿಲ್ಲದೆ ಬಡ್ಡಿಗೆ ತಂದವರನ್ನು ನಾನು ನೋಡಿದ್ದೇನೆ. ಮುಂಗಡ ಕೊಡಿ, ಸ್ಥಳಾಂತರಕ್ಕೆ ಏನಾದರೂ ನಿಧಿ ಇದೆಯೇ ಅಂತ ವಿಭಾಗಕ್ಕೆ ಏಪ್ರಿಲಿನಲ್ಲೇ ಕೇಳಬೇಕು, ಒಪ್ಪಿಗೆ ಕೊಡುವ ಮೊದಲೇ. ಕೇಳಿದರೆ ಆಫರ್ ಕಿತ್ತುಕೊಳ್ಳುತ್ತಾರೇನೋ ಅಂತ ನಮ್ಮ ಮಕ್ಕಳು ಹೆದರುತ್ತಾರೆ. ಹಾಗೆ ಕಿತ್ತುಕೊಂಡದ್ದನ್ನು ನಾನು ಕಂಡಿಲ್ಲ. ಕೇಳುವುದು ಹಕ್ಕು ಎನ್ನುವುದು ಮೇಲ್ಜಾತಿಯ ಮಕ್ಕಳಿಗೆ ಹುಟ್ಟಿನಿಂದ ಗೊತ್ತಿರುತ್ತದೆ, ನಾವು ಕಲಿಯಬೇಕಾಗುತ್ತದೆ.

ಈಗ ವೇಟ್‌ಲಿಸ್ಟಿನ ವಿಷಯ. ಸಾಹಿತ್ಯ ವಿಭಾಗಗಳು ವರ್ಷಕ್ಕೆ ತೆಗೆದುಕೊಳ್ಳುವುದು ಬೆರಳೆಣಿಕೆಯಷ್ಟು ಜನರನ್ನು. ಆಫರ್ ಕೊಟ್ಟವರೆಲ್ಲ ಬರುವುದಿಲ್ಲ ಅಂತ ಅವರಿಗೆ ಗೊತ್ತು, ಬಿಟ್ಟುಹೋದವರ ಜಾಗಕ್ಕೆ ಒಂದಿಷ್ಟು ಜನರನ್ನು ಕಾಯಿಸಿ ಇಟ್ಟುಕೊಂಡಿರುತ್ತಾರೆ. ಅಮೆರಿಕದ ಪದವಿ ಶಾಲೆಗಳ ಮಂಡಳಿಯ ಒಂದು ಗೊತ್ತುವಳಿ ಇದೆ, ಏಪ್ರಿಲ್ 15ರ ಗೊತ್ತುವಳಿ ಅಂತಲೇ ಅದರ ಹೆಸರು. ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯ, ಹಣದ ನೆರವಿನ ಆಫರಿಗೆ ಏಪ್ರಿಲ್ 15ರ ಒಳಗೆ ಉತ್ತರ ಕೊಡು ಅಂತ ಯಾರನ್ನೂ ಒತ್ತಾಯಿಸುವಂತಿಲ್ಲ. ಮುಂಚೆಯೇ ಒಪ್ಪಿದ್ದರೂ ಆ ದಿನದವರೆಗೆ ಬರವಣಿಗೆಯಲ್ಲಿ ಹಿಂದೆ ಸರಿಯಬಹುದು. ಇದು ಕಾನೂನಲ್ಲ, ಒಪ್ಪಂದ. ಸಹಿ ಹಾಕಿದವರ ಪಟ್ಟಿಯನ್ನು ನೋಡಿಕೊಳ್ಳಬೇಕು. ಇಂಗ್ಲೆಂಡಿನವರಿಗೆ ಇದು ಅನ್ವಯಿಸುವುದಿಲ್ಲ. ಈ ಗೊತ್ತುವಳಿಯ ಕಾರಣಕ್ಕೆ ಎಲ್ಲರೂ ಕೊನೇ ವಾರದವರೆಗೆ ಎರಡು ಮೂರು ಆಫರ್ ಹಿಡಿದು ಕೂತಿರುತ್ತಾರೆ, ಏಪ್ರಿಲ್ 10ರಿಂದ 15ರವರೆಗೆ ದಡಬಡ ಶುರುವಾಗುತ್ತದೆ, ಕೆಲವು ಸಲ 15ರ ರಾತ್ರಿ ಕರೆ ಬರುತ್ತದೆ.

ಪಟ್ಟಿ ಎಂದರೆ ಒಂದು, ಎರಡು, ಮೂರು ಅಂತ ನಿಂತ ಸಾಲು ಅಂತಲೇ ಅಲ್ಲ. ಹಲವು ಕಡೆ ಅದು ಕ್ಷೇತ್ರವಾರು. ಷೇಕ್ಸ್‌ಪಿಯರ್ ಕಾಲದ ವಿದ್ಯಾರ್ಥಿ ಬಿಟ್ಟುಹೋದರೆ ಅದೇ ಕಾಲದವರನ್ನು ಕರೆಯುತ್ತಾರೆ. ವಸಾಹತೋತ್ತರ ಸಾಹಿತ್ಯ ಅಂತ ಬರೆದ ನೀವು, ಆ ಕ್ಷೇತ್ರದ ಇನ್ನೊಬ್ಬರು ಬಿಡುವವರೆಗೆ ಕಾಯಬೇಕು. ಆ ಇನ್ನೊಬ್ಬರು ದಿಲ್ಲಿಯ ದೊಡ್ಡ ಕಾಲೇಜಿನಿಂದ ಬಂದವರಾಗಿರುವ ಸಂಭವವೇ ಹೆಚ್ಚು ಎನ್ನುವುದು ಬೇರೆ ಮಾತು. ವಿಭಾಗದ ಸ್ನಾತಕೋತ್ತರ ನಿರ್ದೇಶಕರಿಗೆ ಒಂದು ಪತ್ರ ಬರೆಯಿರಿ. ನೀವೇ ನಮ್ಮ ಮೊದಲ ಆಯ್ಕೆ ಎನ್ನುವುದು ನಿಜವಾಗಿದ್ದರೆ ಮಾತ್ರ ಹಾಗೆನ್ನಿ. ಪಟ್ಟಿಯಲ್ಲಿ ಕ್ರಮ ಇದೆಯೇ, ಕಳೆದ ವರ್ಷ ಅದರಿಂದ ಎಷ್ಟು ಜನ ಒಳಗೆ ಹೋದರು, ಒಳಗೆ ಹೋದರೆ ಹಣ ಎಲ್ಲರಂತೆ ಸಿಗುತ್ತದೆಯೇ, ಇಷ್ಟು ಕೇಳಿ ಸುಮ್ಮನಾಗಿ. ಮೂರು ದಿನಕ್ಕೊಮ್ಮೆ ಬರೆದರೆ ಕೆಡುತ್ತದೆ.

ಕೇರಿಯ ನಲ್ಲಿ ಮುಂದೆ ಕೊಡ ಇಟ್ಟು ಮನೆಗೆ ಹೋಗಿ ಕೂರುವವರನ್ನು ನಮ್ಮ ಹೆಂಗಸರು ಸುಮ್ಮನೆ ಬಿಡುವುದಿಲ್ಲ. ಬೇಡದ ಆಫರನ್ನು ಹಿಡಿದು ಕೂತವರಿಗೂ ಅದೇ ಮಾತು ಹೇಳಬೇಕು. ಮೂರು ಆಫರ್ ಬಂದರೆ ಎರಡನ್ನು ಬೇಗ ಬಿಡಿ. ನೀವು ಬಿಟ್ಟ ಜಾಗದಲ್ಲಿ ಬರುವವರು ಇನ್ಯಾವುದೋ ಕಾಲೋನಿಯ ಹುಡುಗಿ ಇರಬಹುದು.

ಸಂಬಂಧಗಳ ಮಾತಿಗೆ ಬಂದರೆ ಲೆಕ್ಕ ಸುಲಭವಲ್ಲ. ಒಂದು ಉದಾಹರಣೆ ಹೇಳುತ್ತೇನೆ, ಹೆಸರು ಬೇಡ. ಕೋಲಾರದ ಕಡೆಯ ಹುಡುಗಿ, ಇಂಗ್ಲಿಷ್ ಎಂ.ಎ., ಜೆ.ಆರ್.ಎಫ್. ಕೂಡ ಆಗಿತ್ತು. ಎಡಗೈ ಬಲಗೈ ಮದುವೆ, ಎರಡೂ ಮನೆಯವರು ಅರ್ಧ ಮನಸ್ಸಿನಿಂದ ಒಪ್ಪಿದ್ದು. ಗಂಡ ಬೆಂಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಅವಳ ಕೈಯಲ್ಲಿ ಮೂರು ಕಾಗದ. ಒಂದು, ಅಮೆರಿಕದ ನಡುಭಾಗದ ಸರ್ಕಾರಿ ವಿಶ್ವವಿದ್ಯಾಲಯದ ಐದು ವರ್ಷದ ಆಫರ್. ಇನ್ನೊಂದು, ಪೂರ್ವ ತೀರದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯದ ವೇಟ್‌ಲಿಸ್ಟ್. ಮೂರನೆಯದು ಇಂಗ್ಲೆಂಡಿನದು, ಪ್ರವೇಶ ಇದೆ ಹಣ ಇಲ್ಲ, ಅದನ್ನು ಅವತ್ತೇ ಬದಿಗಿಟ್ಟೆವು. ಜೊತೆಗೆ ಇಲ್ಲೇ ಉಳಿಯುವ ದಾರಿಯೂ ಇತ್ತು. 2023ರ ಜನವರಿಯಿಂದ ಜೆ.ಆರ್.ಎಫ್. ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಸಣ್ಣ ಹಣವಲ್ಲ. ನಮ್ಮ ಮನೆಗಳಲ್ಲಿ ಫೆಲೋಶಿಪ್ಪೇ ಸಂಬಳ, ತಮ್ಮನ ಫೀಸು, ಅಪ್ಪನ ಸಾಲದ ಕಂತು ಎಲ್ಲ ಅದರಲ್ಲೇ. ಆದರೆ ಅದು ತಿಂಗಳು ತಿಂಗಳು ಬಾರದೆ ನಿಂತಾಗ ಏನಾಗುತ್ತದೆ ಎನ್ನುವುದಕ್ಕೆ ರೋಹಿತ್ ವೇಮುಲ ಸಾಕ್ಷಿ. 2016ರ ಜನವರಿ 17ರ ಅವನ ಕೊನೆಯ ಪತ್ರದಲ್ಲಿ ಕೂಡ ಬರಬೇಕಾಗಿದ್ದ ಏಳು ತಿಂಗಳ ಫೆಲೋಶಿಪ್ಪಿನ ಲೆಕ್ಕ ಇದೆ.

ಗಂಡ ಜೊತೆಗೆ ಹೋಗುವುದಾದರೆ ಅವನಿಗೆ ಸಿಗುವುದು ಎಫ್-2 ವೀಸಾ. ಅದರಲ್ಲಿ ಕೆಲಸ ಮಾಡುವಂತಿಲ್ಲ, ಪದವಿಗಾಗಿ ಪೂರ್ಣಾವಧಿ ಓದುವಂತಿಲ್ಲ. ದುಡಿದು ಮನೆಗೆ ಕಳಿಸುತ್ತಿದ್ದ ಗಂಡಸು ಜೋಳದ ಹೊಲಗಳ ಊರಿನಲ್ಲಿ ಹೆಂಡತಿಯ ಸ್ಟೈಪೆಂಡಿನ ಮೇಲೆ ಐದು ವರ್ಷ ಮನೆಯಲ್ಲಿ ಕೂರಬೇಕು. ಹೆಂಗಸರು ಇದನ್ನೇ ಮಾಡಿದಾಗ ಯಾರೂ ಅದನ್ನು ಸಮಸ್ಯೆ ಅಂದಿರಲಿಲ್ಲ ಎನ್ನುವುದನ್ನೂ ಇಲ್ಲಿ ಹೇಳಲೇಬೇಕು. ಬಾಬಾಸಾಹೇಬರ ವಿದ್ಯಾಭ್ಯಾಸದ ಕಥೆಯನ್ನು ನಾವು ಹಡಗಿನ ಕಡೆಯಿಂದಲೇ ಹೇಳುತ್ತೇವೆ. ಪರೇಲಿನ ಚಾಳಿನಲ್ಲಿ ಉಳಿದ ರಮಾಬಾಯಿಯ ಕಡೆಯಿಂದ ಹೇಳುವುದು ಕಡಿಮೆ. ಹುಟ್ಟಿದ ಐವರಲ್ಲಿ ನಾಲ್ಕು ಮಕ್ಕಳನ್ನು ಕಳೆದುಕೊಂಡ ತಾಯಿ. 1935ರಲ್ಲಿ ಆಕೆ ತೀರಿಹೋದ ಮೇಲೆ 'ಥಾಟ್ಸ್ ಆನ್ ಪಾಕಿಸ್ತಾನ್' ಪುಸ್ತಕವನ್ನು ಅವರು ಆಕೆಗೆ ಅರ್ಪಿಸಿದರು. ಅಗಲಿಕೆಯ ಬೆಲೆ ಯಾರ ಖಾತೆಗೆ ಬೀಳುತ್ತದೆ ಎನ್ನುವುದು ನಮ್ಮ ವಿಮರ್ಶೆ ಎತ್ತಬೇಕಾದ ಪ್ರಶ್ನೆಯೂ ಹೌದು.

ಹುಡುಗಿ ಮಾರ್ಚ್ ಕೊನೆಗೆ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಒಪ್ಪಿಗೆ ಕಳಿಸಿದಳು. ಏಪ್ರಿಲ್ 13ಕ್ಕೆ ಖಾಸಗಿಯವರ ಕರೆ ಬಂತು, ಪೂರ್ತಿ ಹಣ, ಹನ್ನೆರಡು ತಿಂಗಳು. ಇನ್ನೂ ಎರಡು ದಿನ ಇತ್ತು, ಹಿಂದೆ ಸರಿಯಬಹುದಾಗಿತ್ತು. ರಾತ್ರಿಯಿಡೀ ಮಾತಾಡಿದೆವು. ಅವಳು ಮೊದಲಿನದನ್ನೇ ಉಳಿಸಿಕೊಂಡಳು. "ಸಾರ್, ಅಲ್ಲಿ ನನ್ನ ಪುಸ್ತಕಗಳನ್ನ ಮೂಲದಲ್ಲಿ ಓದೋರು ಒಬ್ರೂ ಇಲ್ಲ. ಇಲ್ಲಿ ತೆಲುಗು ಬಲ್ಲ ಒಬ್ರಾದ್ರೂ ಇದ್ದಾರೆ. ಬಾಡಿಗೆ ಕಮ್ಮಿ, ಅವ್ರು ಎರಡು ವರ್ಷ ಬಿಟ್ಟು ಬಂದ್ರೂ ಇಬ್ರೂ ಬದುಕಬಹುದು" ಅಂದಳು. ನಾನಾಗಿದ್ದರೆ ಹೊಸ ಕಾಗದವನ್ನೇ ಹಿಡಿಯುತ್ತಿದ್ದೆ, ಈಗಲೂ ನನಗೆ ಹಾಗೇ ಅನಿಸುತ್ತದೆ. ಓದು ಮುಗಿಸಿ ಕೆಲಸ ಹುಡುಕುವಾಗ ವಿಶ್ವವಿದ್ಯಾಲಯದ ಹೆಸರು ಎಷ್ಟು ತೂಗುತ್ತದೆ ಅಂತ ನೋಡಿದ್ದೇನೆ. ಅಲ್ಲಿ ಇಂಗ್ಲಿಷ್ ಅಧ್ಯಾಪಕ ಹುದ್ದೆಗಳ ಜಾಹೀರಾತು 2008ರ ನಂತರದ ಹತ್ತು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಆದರೆ ಆರು ವರ್ಷ ಬದುಕಬೇಕಾದವಳು ಅವಳು, ನಾನಲ್ಲ.

ಯಾರು ಓದುತ್ತಾರೆ ಎನ್ನುವ ಅವಳ ಮಾತು ಮಾತ್ರ ಸರಿಯಾದದ್ದು. ಇಂಗ್ಲಿಷ್ ವಿಭಾಗಕ್ಕೆ ಹೋದರೆ ದೇವನೂರರನ್ನೂ ಸಿದ್ಧಲಿಂಗಯ್ಯನವರನ್ನೂ ಅನುವಾದದಲ್ಲಿ ಇಟ್ಟುಕೊಂಡೇ ಮಾತಾಡಬೇಕಾಗುತ್ತದೆ. ಸೂಸಿ ತಾರು ಮತ್ತು ಕೆ. ಸತ್ಯನಾರಾಯಣ ಅವರು 2013ರಲ್ಲಿ ತಂದ ಕನ್ನಡ-ತೆಲುಗು ದಲಿತ ಬರಹಗಳ ಸಂಪುಟ ಇಂಥ ತರಗತಿಗಳಿಗೆ ದೊಡ್ಡ ಉಪಕಾರ ಮಾಡಿತು, ನಿಜ. ಆದರೂ ಅನುವಾದವಾಗದ್ದು ಬೆಟ್ಟದಷ್ಟಿದೆ. ತೌಲನಿಕ ಸಾಹಿತ್ಯ ವಿಭಾಗಗಳು ಎರಡು ಮೂರು ಭಾಷೆ ಕೇಳುತ್ತವೆ. ಕನ್ನಡವನ್ನೂ, ಮನೆಯಲ್ಲಿ ಆಡುವ ತೆಲುಗನ್ನೋ ದಖ್ಖನಿಯನ್ನೋ ಅರ್ಜಿಯಲ್ಲಿ ಎದೆ ಎತ್ತಿ ಬರೆಯಿರಿ. ಫ್ರೆಂಚ್ ಬರುವುದಿಲ್ಲ ಅಂತ ಕುಗ್ಗುವುದು ಬೇಡ. ಗ್ರಂಥಾಲಯವನ್ನೂ ನೋಡಿ. 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದಿಲ್ಲಿಯಲ್ಲಿ ಕಚೇರಿ ಇಟ್ಟು ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿಯ ವಿಶ್ವವಿದ್ಯಾಲಯಗಳಿಗೆ ಹಂಚಿತು. ನಮ್ಮೂರಲ್ಲಿ ಗೆದ್ದಲು ತಿಂದ ಕನ್ನಡ ಪುಸ್ತಕ ಅಲ್ಲಿ ಬೈಂಡ್ ಆಗಿ ಕೂತಿರುತ್ತದೆ!

ಮಾರ್ಗದರ್ಶಕರ ವಿಷಯ. ಒಬ್ಬರನ್ನೇ ನಂಬಿ ಹೋಗಬೇಡಿ, ಅವರು ಬೇರೆಡೆಗೆ ಹೋಗಬಹುದು, ನಿವೃತ್ತರಾಗಬಹುದು. ಅವರ ಹಳೆಯ ವಿದ್ಯಾರ್ಥಿಗಳಿಗೆ ಬರೆದು ಕೇಳಿ: ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದುತ್ತಾರೆ, ಕಷ್ಟ ಬಂದಾಗ ಪರವಾಗಿ ನಿಲ್ಲುತ್ತಾರಾ ಅಂತ. ಜಾತಿ ಕಡಲು ದಾಟುವುದಿಲ್ಲ ಅಂತ ಯಾರೂ ತಿಳಿಯಬೇಕಿಲ್ಲ. ಮನೆ ಹಂಚಿಕೊಳ್ಳುವ ಭಾರತೀಯ ವಿದ್ಯಾರ್ಥಿಗಳ ಅಡುಗೆಮನೆಯಲ್ಲೇ ಅದು ಎದುರಾಗುತ್ತದೆ. 2019ರಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯ ತನ್ನ ತಾರತಮ್ಯ ವಿರೋಧಿ ನೀತಿಗೆ ಜಾತಿಯನ್ನು ಸೇರಿಸಿತು. 2021ರಲ್ಲಿ ಹಾರ್ವರ್ಡಿನ ವಿದ್ಯಾರ್ಥಿ ಕಾರ್ಮಿಕರ ಸಂಘ ತನ್ನ ಒಪ್ಪಂದದಲ್ಲಿ, 2022ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ ತನ್ನ 23 ಕ್ಯಾಂಪಸ್ಸುಗಳಲ್ಲಿ ಇದನ್ನು ತಂದವು. ಆದರೆ ರಾಜ್ಯದ ಮಟ್ಟದ ಮಸೂದೆಯನ್ನು 2023ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ತಡೆಹಿಡಿದರು. ನೀವು ಹೋಗುವ ಕಡೆ ಈ ಮಾತು ನೀತಿಯಲ್ಲಿ ಇದೆಯಾ, ವಿದ್ಯಾರ್ಥಿ ಸಂಘ ಇದೆಯಾ ಎನ್ನುವುದನ್ನು ಸ್ಟೈಪೆಂಡಿನಷ್ಟೇ ಗಂಭೀರವಾಗಿ ವಿಚಾರಿಸಿ.

ಈಗ ಬಾಗಿಲುಗಳೇ ಕಿರಿದಾಗುತ್ತಿವೆ. 2024ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳು ಏಳು ತಿಂಗಳು ಮುಷ್ಕರ ಹೂಡಿ ಸ್ಟೈಪೆಂಡ್ ಹೆಚ್ಚಿಸಿಕೊಂಡರು. ಅದೇ ನವೆಂಬರಿನಲ್ಲಿ ವಿಶ್ವವಿದ್ಯಾಲಯ ಇಂಗ್ಲಿಷ್ ಸೇರಿ ಹತ್ತಾರು ಮಾನವಿಕ, ಸಮಾಜ ವಿಜ್ಞಾನ ವಿಷಯಗಳ ಪಿಎಚ್.ಡಿ. ಪ್ರವೇಶವನ್ನು ಆ ವರ್ಷಕ್ಕೆ ನಿಲ್ಲಿಸಿತು. 2025ರಲ್ಲಿ ಷಿಕಾಗೋ ಕೂಡ ಮಾನವಿಕ ವಿಭಾಗಗಳ ಮುಂದಿನ ಸಾಲಿನ ಪ್ರವೇಶವನ್ನು ಬಹುಪಾಲು ತಡೆಯಿತು. ಎ.ಕೆ. ರಾಮಾನುಜನ್ ಮೂರು ದಶಕ ಪಾಠ ಮಾಡಿದ, ಡಿ.ಆರ್. ನಾಗರಾಜ್ ಕೊನೆಯ ದಿನಗಳಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ ಹೋಗಿಬಂದ ಷಿಕಾಗೋ. ಅದೇ ವರ್ಷ ಮೇ ಕೊನೆಯಿಂದ ಕೆಲವು ವಾರ ವಿದ್ಯಾರ್ಥಿ ವೀಸಾ ಸಂದರ್ಶನಕ್ಕೆ ಹೊಸ ದಿನಾಂಕ ಕೊಡುವುದನ್ನೇ ಅಮೆರಿಕ ನಿಲ್ಲಿಸಿತ್ತು. ಹಾಗಾಗಿ ನಾನು ಈಗ ಬಂದವರಿಗೆ ಇಲ್ಲಿಯ ಜೆ.ಆರ್.ಎಫ್. ಅನ್ನು, ಪರಿಶಿಷ್ಟರ ರಾಷ್ಟ್ರೀಯ ಫೆಲೋಶಿಪ್ಪನ್ನು ಕೈಬಿಡಬೇಡಿ, ವೀಸಾ ಮುದ್ರೆ ಬೀಳುವವರೆಗೆ ಇಲ್ಲಿಯ ನೋಂದಣಿಯನ್ನೂ ರದ್ದು ಮಾಡಿಸಬೇಡಿ ಅಂತ ಹೇಳುತ್ತಿದ್ದೇನೆ. ಅರ್ಜಿ ಹಾಕುವ ಮುಂಚೆ ವಿಭಾಗಕ್ಕೆ ಒಂದು ಸಾಲಿನ ಪತ್ರ ಬರೆದು, ಈ ವರ್ಷ ನಿಜವಾಗಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಅಂತ ಕೇಳಿ. ಉತ್ತರ ಬಂದ ಮೇಲೆ ಶುಲ್ಕ ಕಟ್ಟಿ.